ಡಿಸೆಂಬರ್ ರಜೆಗೆ ಒಂದು ಬೋರ್ಡ್ ಗೇಮ್ ಪತ್ರಿಕೆ: ಓದುವುದರಿಂದ ಆಡುವವರೆಗೆ

ಬೋರ್ಡ್ ಗೇಮ್ ಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿ ಕಪಾಟಿಗೆ ಸೇರಿಸಿದರೆ ಕೊಟ್ಟ ದುಡ್ಡಿನ ಅರ್ಧವೂ ಹುಟ್ಟುವುದಿಲ್ಲ. ಅದು ಕೈಯಲ್ಲಿ ಪೆನ್ಸಿಲ್, ಕತ್ತರಿ, ದಾಳ ಹಿಡಿದು ಓದಬೇಕಾದ ಪತ್ರಿಕೆ. ಒಂದೇ ಒಂದು ಸಂಚಿಕೆಯಿಂದ ರಜೆಯ ನಾಲ್ಕೈದು ದಿನಕ್ಕಾಗುವಷ್ಟು ಆಟ ಹೊರಡುತ್ತದೆ: ನಡುಪುಟದಲ್ಲಿ ಕತ್ತರಿಸಿ ಆಡುವ ಆಟ, ಒಂದು ಸಂಜೆ ಎಲ್ಲರೂ ಪಾತ್ರಗಳಾಗಿ ಆಡಲು ಸಾಕಾಗುವ ಸಾಹಸ ಕಥೆ, ಮನೆಯಲ್ಲಿ ಈಗಾಗಲೇ ಇರುವ ಆಟಕ್ಕೆ ಹೊಸ ಕಾರ್ಡುಗಳು, ಒಬ್ಬರೇ ಕೂತು ಬಿಡಿಸುವ ಸಮಸ್ಯೆಗಳು. ಹತ್ತು ಸಂಚಿಕೆ ಗುಡ್ಡೆ ಹಾಕಿಕೊಂಡು ಪುಟ ತಿರುವುವುದಕ್ಕಿಂತ ಒಂದನ್ನು ಪೂರ್ತಿ ಬಳಸುವುದು ಮೇಲು ಎಂಬ ನಂಬಿಕೆಯ ಮೇಲೆ ಈ ಲೇಖನ ನಿಂತಿದೆ.

ಯಾವ ಪತ್ರಿಕೆ, ಯಾವ ಸಂಚಿಕೆ

ಈ ಪತ್ರಿಕೆಗಳ ಮೂಲ ಬ್ರಿಟನ್, ಅಮೆರಿಕ ಮತ್ತು ಜರ್ಮನಿ. ಡಿಸೆಂಬರಿನಲ್ಲಿ ಲಂಡನ್ನಿನಲ್ಲಿ ಹಗಲು ಎಂಟು ಗಂಟೆಗೂ ಕಡಿಮೆ. ಹೊರಗೆ ಕತ್ತಲೆ, ಒಳಗೆ ಹೀಟರು, ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ ರಜೆ. ಮೇಜಿನ ಸುತ್ತ ಕೂತು ಆಡುವ ರೂಢಿ ಅಲ್ಲಿ ಗಟ್ಟಿಯಾಗಿರುವುದಕ್ಕೆ ಆ ಹವೆಯೂ ಒಂದು ಕಾರಣ. ಜರ್ಮನಿಯ ಎಸೆನ್ ನಗರದಲ್ಲಿ ಪ್ರತಿ ಅಕ್ಟೋಬರ್‌ನಲ್ಲಿ 'ಶ್ಪೀಲ್' ಎಂಬ ದೊಡ್ಡ ಆಟಗಳ ಮೇಳ ನಡೆಯುತ್ತದೆ. ವರ್ಷದ ಹೊಸ ಆಟಗಳಲ್ಲಿ ಬಹಳಷ್ಟು ಅಲ್ಲೇ ಬಿಡುಗಡೆಯಾಗುವುದರಿಂದ ಅವುಗಳ ವಿಮರ್ಶೆ ನವೆಂಬರ್, ಡಿಸೆಂಬರ್, ಜನವರಿ ಸಂಚಿಕೆಗಳಲ್ಲಿ ತುಂಬಿರುತ್ತದೆ. ಒಂದೇ ಸಂಚಿಕೆ ಕೊಳ್ಳುವುದಾದರೆ ಈ ಮೂರರಲ್ಲಿ ಒಂದನ್ನು ಕೊಳ್ಳಿ.

ಯಾವುದನ್ನು ಆರಿಸಬೇಕು ಎಂಬುದು ನಿಮ್ಮ ಮನೆಯವರು ಏನು ಆಡುತ್ತಾರೆ ಎಂಬುದರ ಮೇಲಿದೆ. ಕುಟುಂಬದ ಬೋರ್ಡ್ ಗೇಮುಗಳಿಗೆ ಜರ್ಮನಿಯ 'ಶ್ಪೀಲ್‌ಬಾಕ್ಸ್' ಇದೆ. 1981ರಲ್ಲಿ ಶುರುವಾದದ್ದು, ಇಂಗ್ಲಿಷ್ ಆವೃತ್ತಿಯೂ ಬರುತ್ತದೆ, ಪ್ರಸಿದ್ಧ ಆಟಗಳಿಗೆ ಸೇರಿಸಿ ಆಡುವ ಚಿಕ್ಕ ವಿಸ್ತರಣೆಗಳನ್ನು ಪತ್ರಿಕೆಯ ಜೊತೆಗೇ ಕೊಡುವುದು ಅದರ ಹೆಗ್ಗಳಿಕೆ. ಬ್ರಿಟನ್ನಿನ 'ಟೇಬಲ್‌ಟಾಪ್ ಗೇಮಿಂಗ್' ಎಲ್ಲ ಬಗೆಯ ಆಟಗಳನ್ನೂ ಮುಟ್ಟುತ್ತದೆ. ಅಲ್ಲಿನದೇ ಆದ 'ಸೆನೆಟ್' ಆಟಗಳ ಚಿತ್ರಕಲೆ, ವಿನ್ಯಾಸದ ಬಗ್ಗೆ ನಿಧಾನವಾಗಿ ಓದುವ ಬರಹಗಳಿಗೆ ಒಳ್ಳೆಯದು. ಯುದ್ಧತಂತ್ರದ ಆಟ ಬೇಕಿದ್ದರೆ ಅಮೆರಿಕದ 'ಸ್ಟ್ರಾಟೆಜಿ ಆ್ಯಂಡ್ ಟ್ಯಾಕ್ಟಿಕ್ಸ್'. 1967ರಲ್ಲಿ ಹುಟ್ಟಿದ ಈ ಪತ್ರಿಕೆ ಸಂಚಿಕೆಯೊಳಗೇ ಒಂದು ಪೂರ್ತಿ ಆಟ, ಅಂದರೆ ನಕ್ಷೆ, ಕಾಯಿ, ನಿಯಮ ಎಲ್ಲ ಇಟ್ಟು ಕೊಡುವ ಪದ್ಧತಿಯನ್ನು ಬೆಳೆಸಿತು.

ಹಳೆಯ ಸಂಚಿಕೆ ಕೊಳ್ಳುವವರು ಒಂದು ವಿಷಯ ನೋಡಿಕೊಳ್ಳಬೇಕು. 1977ರಲ್ಲಿ ಶುರುವಾದ 'ವೈಟ್ ಡ್ವಾರ್ಫ್' ಮೊದಲ ಹತ್ತು ವರ್ಷ ಎಲ್ಲ ಕಂಪನಿಗಳ ಪಾತ್ರಾಭಿನಯದ ಆಟಗಳ (ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಅದರೊಳಗಿನ ಪಾತ್ರಗಳಾಗಿ ಆಡುತ್ತಾರೆ) ಬಗ್ಗೆ ಬರೆಯುತ್ತಿತ್ತು. ಎಂಬತ್ತರ ದಶಕದ ಕೊನೆಯಿಂದ ಅದು ಪ್ರಕಾಶಕರಾದ ಗೇಮ್ಸ್ ವರ್ಕ್‌ಶಾಪ್‌ನ ಸ್ವಂತ ಆಟಗಳಿಗೇ ಮೀಸಲಾಯಿತು. ಬಣ್ಣ ಬಳಿಯುವ ಪುಟ್ಟ ಗೊಂಬೆಗಳು ನಿಮ್ಮ ಹತ್ತಿರ ಇಲ್ಲದಿದ್ದರೆ ಈಚಿನ ಸಂಚಿಕೆಗಳಲ್ಲಿ ಆಡುವಂಥದ್ದು ಹೆಚ್ಚು ಸಿಗದು. 'ಡ್ರಾಗನ್' 1976ರಲ್ಲಿ ಆರಂಭವಾಗಿ 2007ಕ್ಕೆ ಮುದ್ರಣ ನಿಲ್ಲಿಸಿತು. ಅದರ ಸೋದರ ಪತ್ರಿಕೆ 'ಡಂಜನ್' 1986ರದು. ಅದರಲ್ಲಿ ಲೇಖನ ಕಡಿಮೆ, ನೇರವಾಗಿ ಆಡಿಸಬಹುದಾದ ಸಾಹಸ ಕಥೆಗಳೇ ಹೆಚ್ಚು. ಒಂದು ಸಂಜೆ ಪಾತ್ರಾಭಿನಯದ ಆಟಗಳಲ್ಲಿ ಪ್ರಸಿದ್ಧವಾದ ಡಂಜನ್ಸ್ ಆ್ಯಂಡ್ ಡ್ರಾಗನ್ಸ್ ಆಡಿಸಬೇಕು ಎಂದಿರುವವರಿಗೆ ಇದಕ್ಕಿಂತ ಒಳ್ಳೆಯ ಕಣಜವಿಲ್ಲ.

ವಿದೇಶದಿಂದ ಮುದ್ರಿತ ಪ್ರತಿ ತರಿಸುವವರು ಅಕ್ಟೋಬರ್ ಮುಗಿಯುವುದರೊಳಗೆ ಆರ್ಡರ್ ಹಾಕಿಬಿಡಿ. ಕ್ರಿಸ್‌ಮಸ್ ಸಮಯದಲ್ಲಿ ಅಂಚೆ ನಿಧಾನ, ಸಾಗಣೆ ಖರ್ಚು ಕೆಲವೊಮ್ಮೆ ಪತ್ರಿಕೆಯ ಬೆಲೆಯನ್ನೇ ಮೀರುತ್ತದೆ. ಪ್ರಕಾಶಕರೇ ಮಾರುವ ಪಿಡಿಎಫ್ ಕೊಂಡರೆ ಆ ರಗಳೆ ಇಲ್ಲ, ಆದರೆ ಮುದ್ರಿಸುವ ಕೆಲಸ ನಿಮ್ಮ ಪಾಲಿಗೆ ಬರುತ್ತದೆ. ಅದರ ವಿವರ ಮುಂದಿದೆ.

ಮೊದಲ ಓದು

ಒಂದು ಗಂಟೆ, ಒಂದು ಪೆನ್ಸಿಲ್, ನಾಲ್ಕು ಚೂರು ಕಾಗದ. ಇಷ್ಟಿದ್ದರೆ ಸಾಕು. ಸಂಪಾದಕೀಯ, ಸಂದರ್ಶನ ಎಲ್ಲ ಆಮೇಲೆ. ಮೊದಲು ಪುಟಗಳನ್ನು ಬೇಗ ಬೇಗ ತಿರುವಿ 'ಮಾಡುವಂಥದ್ದು' ಎಲ್ಲಿದೆ ಎಂದಷ್ಟೇ ಹುಡುಕಿ, ಸಿಕ್ಕಲ್ಲೆಲ್ಲ ಚೀಟಿ ಇಡಿ. ಪ್ರತಿ ಚೀಟಿಯ ಮೇಲೆ ಮೂರು ಅಂಕಿ ಬರೆಯಿರಿ: ಎಷ್ಟು ಜನ ಬೇಕು, ಎಷ್ಟು ಹೊತ್ತು ಬೇಕು, ಸಿದ್ಧತೆಗೆ ಎಷ್ಟು ಹೊತ್ತು. ಈ ಮೂರನೆಯದನ್ನೇ ಜನ ಮರೆಯುವುದು. ನೂರು ಕಾಯಿ ಕತ್ತರಿಸಬೇಕಾದ ಆಟಕ್ಕೆ ಎರಡು ಗಂಟೆ ಕೈಕೆಲಸ ಇದ್ದೇ ಇರುತ್ತದೆ. ಅತಿಥಿಗಳು ಬಂದು ಕೂತ ಮೇಲೆ ಕತ್ತರಿ ಹುಡುಕಿದರೆ ಆ ಸಂಜೆ ಕೆಟ್ಟಿತೆಂದೇ ಲೆಕ್ಕ.

ಚೀಟಿಗಳನ್ನು ನೋಡಿ ಮನೆಗೆ ಯಾವ ದಿನ ಯಾರು ಬರುತ್ತಾರೆ ಎಂಬುದರ ಜೊತೆ ಹೊಂದಿಸಿ. ಆರು ಜನ ಸೇರುವ ದಿನಕ್ಕೆ ಸಾಹಸ ಕಥೆ, ಮನೆಯವರಷ್ಟೇ ಇರುವ ದಿನಕ್ಕೆ ವಿಸ್ತರಣೆ ಕಾರ್ಡುಗಳು, ಎಲ್ಲರೂ ಮಲಗಿದ ಮೇಲೆ ಒಬ್ಬರೇ ಆಡುವ ಸಮಸ್ಯೆ.

ಸಂದರ್ಶನ, ಅಂಕಣಗಳನ್ನು ಓದುವುದು ಆಮೇಲಿನ ಸುಖ. ಬೆಳಗಿನ ಕಾಫಿಯ ಜೊತೆ ಅವುಗಳಷ್ಟು ಹೊಂದುವ ಓದು ಬೇರೆ ಇಲ್ಲ.

ವಿಮರ್ಶೆಯಲ್ಲಿ ಏನು ನೋಡಬೇಕು

ಅಂಕಗಳನ್ನು ಕೊನೆಗೆ ನೋಡಿ. ವಿಮರ್ಶಕರು ಎಷ್ಟು ಜನರ ಜೊತೆ ಆಡಿದರು ಎಂಬುದೇ ಮೊದಲ ಪ್ರಶ್ನೆ. ಪೆಟ್ಟಿಗೆಯ ಮೇಲೆ '2ರಿಂದ 5 ಜನ' ಎಂದಿದ್ದರೂ ಹರಾಜು, ಚೌಕಾಸಿ ಇರುವ ಆಟಗಳು ಇಬ್ಬರಿದ್ದರೆ ಸಪ್ಪೆ. ಎದುರಿಗೆ ಕೂಗುವವರು ಒಬ್ಬರೇ ಆದಾಗ ಬೆಲೆ ಏರುವುದಿಲ್ಲ. ಉಲ್ಟಾ, ತುಂಬ ಯೋಚಿಸಿ ಹೆಜ್ಜೆ ಇಡುವ ಆಟ ಐದು ಜನರಾದರೆ ತೂಕಡಿಕೆ ತರುತ್ತದೆ, ಏಕೆಂದರೆ ನಿಮ್ಮ ಸರದಿ ಬರುವಷ್ಟರಲ್ಲಿ ನಾಲ್ಕು ಜನರ ಯೋಚನೆ ಮುಗಿಯಬೇಕು. ಪೆಟ್ಟಿಗೆಯ ಮೇಲಿನ ಸಮಯ ನಿಯಮ ಬಲ್ಲವರ ಸಮಯ. ಮೊದಲ ಸಲ ಆಡುವಾಗ ಅದರ ಒಂದೂವರೆ ಪಟ್ಟು ಇಟ್ಟುಕೊಳ್ಳಿ.

ನಡುಪುಟದ ಆಟ: ಬಿಡಿಸುವುದು, ಅಂಟಿಸುವುದು, ಕತ್ತರಿಸುವುದು

ಇಲ್ಲಿ ಕೈ ನಿಧಾನವಾಗಬೇಕು. ನಡುವೆ ಪಿನ್ ಹೊಡೆದ ಪತ್ರಿಕೆಯಿಂದ ಹಾಳೆಯನ್ನು ಎಳೆದು ಕೀಳಬೇಡಿ. ಪತ್ರಿಕೆಯನ್ನು ನಡುಪುಟಕ್ಕೆ ಬಿಡಿಸಿ ಮೇಜಿನ ಮೇಲೆ ಮಲಗಿಸಿ, ಪಿನ್ನಿನ ಮಡಿಚಿದ ಎರಡು ಕಾಲುಗಳನ್ನು ಬೆಣ್ಣೆ ಸವರುವ ಮೊಂಡು ಚಾಕುವಿನ ತುದಿಯಿಂದ ನೆಟ್ಟಗೆ ನಿಲ್ಲಿಸಿ, ಹಾಳೆಯನ್ನು ಮೇಲಕ್ಕೆತ್ತಿ ತೆಗೆದು, ಕಾಲುಗಳನ್ನು ಮತ್ತೆ ಮಡಿಚಿ. ಎರಡು ನಿಮಿಷದ ಕೆಲಸ. ಪತ್ರಿಕೆಯೂ ಉಳಿಯುತ್ತದೆ, ನಕ್ಷೆಯ ನಡುವೆ ಹರಕೂ ಬೀಳುವುದಿಲ್ಲ.

ಕತ್ತರಿಸುವ ಮೊದಲೇ ಹಾಳೆಯ ಎರಡೂ ಬದಿಯ ಬಣ್ಣದ ಪ್ರತಿ ತೆಗೆದಿಡಿ. ಒಂದು ಕಾಯಿ ಸೋಫಾದ ಸಂದಿಗೆ ಬಿದ್ದರೆ ಅದೇ ಆಸರೆ.

ಕಾಯಿಗಳು ಈಗಾಗಲೇ ದಪ್ಪ ರಟ್ಟಿನ ಮೇಲಿದ್ದರೆ ಅರ್ಧ ಕೆಲಸ ಮುಗಿಯಿತು. ಬರೀ ಕಾಗದವಾಗಿದ್ದರೆ ರಟ್ಟಿಗೆ ಅಂಟಿಸಬೇಕು. ಪುಸ್ತಕದ ಹೊದಿಕೆಗೆ ಬಳಸುವ ಬೂದು ರಟ್ಟು 1.5 ಮಿಲಿಮೀಟರಿನದು ಸರಿಯಾದ ಹದ. 1 ಮಿಲಿಮೀಟರಾದರೆ ಬೆರಳಿಗೆ ಸಿಗುವುದಿಲ್ಲ, 2 ಮಿಲಿಮೀಟರಾದರೆ ಕತ್ತರಿಸುವಷ್ಟರಲ್ಲಿ ಕೈ ಸೋಲುತ್ತದೆ. ಬೆಂಗಳೂರಿನಲ್ಲಿರುವವರಿಗೆ ಅವೆನ್ಯೂ ರಸ್ತೆಯ ಕಾಗದದ ಅಂಗಡಿಗಳಲ್ಲಿ ಹುಡುಕುವುದು ಸುಲಭ. ಉಳಿದ ಊರುಗಳಲ್ಲಿ ಬೈಂಡಿಂಗ್ ಮಾಡುವವರನ್ನು ಕೇಳಿದರೆ ಚೂರುಗಳನ್ನೇ ಕೊಟ್ಟಾರು.

ಅಂಟಿಸುವಾಗ ಹೆಚ್ಚಿನವರು ಎಡವುವುದು ಫೆವಿಕಾಲ್ ಸುರಿಯುವುದರಲ್ಲಿ. ಬಿಳಿ ಗೋಂದಿನಲ್ಲಿ ನೀರಿದೆ. ಕಾಗದ ಆ ನೀರು ಕುಡಿದು ಹಿಗ್ಗುತ್ತದೆ, ಒಣಗುವಾಗ ಕುಗ್ಗುತ್ತದೆ, ಕುಗ್ಗುವಾಗ ರಟ್ಟನ್ನೂ ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಬೆಳಗ್ಗೆ ಎದ್ದು ನೋಡಿದರೆ ರಟ್ಟು ಬಾಗಿರುತ್ತದೆ. ಇದಕ್ಕೆ ಎರಡು ಉಪಾಯ. ಒಂದು, ಗೋಂದಿನ ಬದಲು ಗ್ಲೂ ಸ್ಟಿಕ್ ಬಳಸಿ, ಅಂಚಿನವರೆಗೂ ಒಂದು ಚುಕ್ಕೆ ಬಿಡದಂತೆ ಸವರುವುದು. ಇನ್ನೊಂದು, ರಟ್ಟಿನ ಹಿಂಬದಿಗೂ ಅದೇ ದಪ್ಪದ ಬಿಳಿ ಹಾಳೆ ಅಂಟಿಸುವುದು. ಎರಡೂ ಕಡೆಯ ಎಳೆತ ಸಮವಾದರೆ ರಟ್ಟು ನೆಟ್ಟಗಿರುತ್ತದೆ. ರಟ್ಟಿಗೂ ಕಾಗದಕ್ಕೂ ಎಳೆಯ ದಿಕ್ಕು ಎಂಬುದೊಂದಿದೆ. ಹಾಳೆಯನ್ನು ಮೆಲ್ಲಗೆ ಉದ್ದಕ್ಕೂ ಅಡ್ಡಕ್ಕೂ ಬಗ್ಗಿಸಿ ನೋಡಿ. ಯಾವ ಕಡೆ ಸಲೀಸಾಗಿ ಬಗ್ಗುತ್ತದೋ ಆ ಮಡಿಕೆಯ ಗೆರೆಯ ಉದ್ದಕ್ಕೇ ಎಳೆ ಹರಿದಿರುತ್ತದೆ. ರಟ್ಟು, ಕಾಗದ ಎರಡರ ಎಳೆಯೂ ಒಂದೇ ದಿಕ್ಕಿಗಿದ್ದರೆ ಬಾಗುವುದು ಇನ್ನೂ ಕಡಿಮೆ.

ಅಂಟಿಸಿದ್ದನ್ನು ಬೆಣ್ಣೆ ಕಾಗದದ ನಡುವೆ ಇಟ್ಟು ಮೇಲೆ ನಾಲ್ಕೈದು ದಪ್ಪ ಪುಸ್ತಕ ಹೇರಿ, ರಾತ್ರಿಯಿಡೀ ಹಾಗೇ ಬಿಡಿ. ಮಲೆನಾಡು, ಕರಾವಳಿಯ ತೇವದಲ್ಲಿ ಇಡೀ ಒಂದು ದಿನ ಬೇಕು. ಅರೆ ಒಣಗಿದ್ದನ್ನು ಕತ್ತರಿಸಿದರೆ ಅಂಚಿನಲ್ಲಿ ಕಾಗದ ಸಿಪ್ಪೆಯಂತೆ ಏಳುತ್ತದೆ.

ಕತ್ತರಿಸಲು ಕತ್ತರಿ ಬೇಡ. ಅದು ರಟ್ಟನ್ನು ಹಿಸುಕುತ್ತದೆ, ಅಂಚು ಇಳಿಜಾರಾಗುತ್ತದೆ. ಅಲಗು ಮುರಿದು ಹೊಸದು ಮಾಡಿಕೊಳ್ಳುವ ಪೇಪರ್ ಕಟ್ಟರ್, ಸ್ಟೀಲ್ ಸ್ಕೇಲ್, ಕೆಳಗೆ ಕಟಿಂಗ್ ಮ್ಯಾಟ್. ಪ್ಲಾಸ್ಟಿಕ್ ಸ್ಕೇಲಾದರೆ ಅಲಗು ಅದನ್ನೇ ಕೊರೆದು ಅಡ್ಡದಾರಿ ಹಿಡಿಯುತ್ತದೆ. ಒಂದೇ ಏಟಿಗೆ ಕತ್ತರಿಸಲು ಹೋಗಬೇಡಿ. ಮೊದಲ ಎಳೆತ ಬರೀ ಗೆರೆ ಮೂಡುವಷ್ಟು ಹಗುರ, ಎರಡನೆಯದು ಸ್ವಲ್ಪ ಒತ್ತಿ, ಹೀಗೆ ನಾಲ್ಕರಿಂದ ಆರು ಎಳೆತಕ್ಕೆ 1.5 ಮಿಲಿಮೀಟರ್ ರಟ್ಟು ತಾನಾಗಿ ಬಿಡುತ್ತದೆ. ಹತ್ತಾರು ಗೆರೆಗೊಮ್ಮೆ ಅಲಗಿನ ತುದಿ ಮುರಿದು ಹೊಸದು ತನ್ನಿ. ಮೊಂಡು ಅಲಗಿಗೆ ಹೆಚ್ಚು ಬಲ ಹಾಕಬೇಕಾಗುತ್ತದೆ, ಆ ಬಲವೇ ಜಾರಿ ಬೆರಳಿಗೆ ಬರುತ್ತದೆ. ಸ್ಕೇಲು ಒತ್ತಿಹಿಡಿದ ಬೆರಳುಗಳು ಅಂಚಿನಿಂದ ಒಂದು ಇಂಚಾದರೂ ಹಿಂದಿರಲಿ. ಮಕ್ಕಳಿಗೆ ಅಂಟಿಸುವ, ಜೋಡಿಸುವ ಕೆಲಸ ಕೊಡಿ, ಕಟ್ಟರ್ ಬೇಡ.

ಮೊದಲು ಉದ್ದುದ್ದ ಪಟ್ಟಿಗಳಾಗಿ ಸೀಳಿ, ಆಮೇಲೆ ಪಟ್ಟಿಯನ್ನು ಕಾಯಿಗಳಾಗಿ ತುಂಡರಿಸಿ. ಯುದ್ಧದ ಆಟಗಳ ಕಾಯಿ ಸಾಮಾನ್ಯವಾಗಿ ಅರ್ಧ ಇಂಚು ಅಥವಾ 16 ಮಿಲಿಮೀಟರಿನ ಆಸುಪಾಸು ಇರುತ್ತದೆ. ಕತ್ತರಿಸಿದ ಮೇಲೆ ನಾಲ್ಕೂ ಮೂಲೆಯ ತುದಿಯನ್ನು ಉಗುರು ಕತ್ತರಿಯಿಂದ ಒಂದು ಮಿಲಿಮೀಟರಿಗೂ ಕಡಿಮೆ ಚಿವುಟಿ. ಇದು ಬರೀ ಅಂದಕ್ಕಲ್ಲ. ಚೂಪು ಮೂಲೆಯಲ್ಲಿ ಎದ್ದ ನಾರು ಪಕ್ಕದ ಕಾಯಿಗೆ ಸಿಕ್ಕಿಕೊಳ್ಳುತ್ತದೆ. ಒಂದರ ಮೇಲೊಂದು ಪೇರಿಸಿದ ಕಾಯಿಗಳಲ್ಲಿ ಒಂದನ್ನು ತೆಗೆಯಲು ಹೋಗಿ ಇಡೀ ಸಾಲು ಕದಲುವುದು ಇದರಿಂದಲೇ.

ನಕ್ಷೆಯ ಮಡಿಕೆಗಳು ಉಬ್ಬಿ ನಿಂತಿದ್ದರೆ ಪ್ರತಿ ಮಡಿಕೆಯನ್ನೂ ಒಮ್ಮೆ ಉಲ್ಟಾ ಮಡಿಚಿ ಬಿಡಿಸಿ, ಮೇಲೆ 3 ಮಿಲಿಮೀಟರಿನ ಪಾರದರ್ಶಕ ಅಕ್ರಿಲಿಕ್ ಹಾಳೆ ಇಡಿ. ಇಸ್ತ್ರಿಪೆಟ್ಟಿಗೆ ಬೇಡವೇ ಬೇಡ, ಹೊಳಪಿನ ಕಾಗದದ ಬಣ್ಣ ಅಂಟಿಕೊಳ್ಳುತ್ತದೆ. ಹೊಳಪಿನ ಲ್ಯಾಮಿನೇಷನ್ ಕೂಡ ನಕ್ಷೆಗೆ ಆಗಿಬರುವುದಿಲ್ಲ. ದೀಪದ ಬೆಳಕು ಪ್ರತಿಫಲಿಸಿ ಅಂಕಿಗಳು ಕಾಣುವುದಿಲ್ಲ.

ಪಿಡಿಎಫ್ ಕೊಂಡಿದ್ದರೆ

ಅಮೆರಿಕದ ಪತ್ರಿಕೆಗಳ ಪುಟ ಲೆಟರ್ ಅಳತೆಯದು: 216 × 279 ಮಿಲಿಮೀಟರ್. ನಮ್ಮ ಝೆರಾಕ್ಸ್ ಅಂಗಡಿಯಲ್ಲಿರುವುದು ಎ4: 210 × 297. ಅಂಗಡಿಯವರು ಅಭ್ಯಾಸಬಲದಿಂದ 'ಫಿಟ್ ಟು ಪೇಜ್' ಒತ್ತಿದರೆ ಎಲ್ಲವೂ ಶೇಕಡಾ 97ಕ್ಕೆ ಕುಗ್ಗುತ್ತದೆ. ಕಾಯಿಗಳೆಲ್ಲ ಒಟ್ಟಿಗೆ ಕುಗ್ಗಿದರೆ ತೊಂದರೆಯಿಲ್ಲ. ಆದರೆ ಮನೆಯಲ್ಲಿರುವ ಆಟಕ್ಕೆ ಸೇರಿಸುವ ಕಾರ್ಡುಗಳಾದರೆ ಗಾತ್ರದಿಂದಲೇ ಹೊಸ ಕಾರ್ಡು ಗೊತ್ತಾಗಿಬಿಡುತ್ತದೆ. 'ಆ್ಯಕ್ಚುಯಲ್ ಸೈಜ್' ಅಥವಾ 100 ಪರ್ಸೆಂಟ್ ಎಂದು ಹೇಳಿ, ಮೊದಲು ಒಂದೇ ಹಾಳೆ ತೆಗೆಸಿ ಸ್ಕೇಲಿನಲ್ಲಿ ಅಳೆದು, ಸರಿಯಿದ್ದರೆ ಉಳಿದದ್ದು.

ಎರಡೂ ಬದಿ ಮುದ್ರಿಸುವುದಕ್ಕೆ ಆಸೆಪಡಬೇಡಿ. ಸಾಮಾನ್ಯ ಯಂತ್ರಗಳಲ್ಲಿ ಹಿಂಬದಿ ಒಂದೆರಡು ಮಿಲಿಮೀಟರ್ ಸರಿದೇ ಬರುತ್ತದೆ, 16 ಮಿಲಿಮೀಟರಿನ ಕಾಯಿಗೆ ಅದು ದೊಡ್ಡ ತಪ್ಪು. ಎರಡು ಹಾಳೆಯಲ್ಲಿ ಮುದ್ರಿಸಿ, ಕಿಟಕಿಯ ಬೆಳಕಿಗೆ ಹಿಡಿದು ಗೆರೆ ಹೊಂದಿಸಿ, ಮೂಲೆಗಳಲ್ಲಿ ಗುಂಡುಪಿನ್ನು ಚುಚ್ಚಿ ಗುರುತು ಮಾಡಿಕೊಂಡು ರಟ್ಟಿನ ಎರಡೂ ಬದಿಗೆ ಅಂಟಿಸಿ. ಹಿಂಬದಿಯ ಎಳೆತದ ಸಮಸ್ಯೆಯೂ ಇದರಲ್ಲೇ ತೀರುತ್ತದೆ.

ಕಾರ್ಡುಗಳಿಗೆ ರಟ್ಟು, ಗೋಂದು ಏನೂ ಬೇಡ. ಸಾಧಾರಣ 80 ಜಿಎಸ್‌ಎಂ ಕಾಗದದಲ್ಲಿ ಮುದ್ರಿಸಿ ಕತ್ತರಿಸಿ, ಕಾರ್ಡಿಗೆ ತೊಡಿಸುವ ಪ್ಲಾಸ್ಟಿಕ್ ಸ್ಲೀವ್‌ನೊಳಗೆ ಹಳೆಯ ಇಸ್ಪೀಟು ಎಲೆಯ ಮುಂದೆ ತೂರಿಸಿ. ಮಾಮೂಲಿ ಕಾರ್ಡಿನ ಅಳತೆ 63 × 88 ಮಿಲಿಮೀಟರ್, ಚಿಕ್ಕ ಯುರೋಪಿಯನ್ ಕಾರ್ಡಿನದು 44 × 68. ಕಾಗದವನ್ನು ಅದಕ್ಕಿಂತ ಒಂದು ಮಿಲಿಮೀಟರ್ ಚಿಕ್ಕದಾಗಿ ಕತ್ತರಿಸಿದರೆ ಸ್ಲೀವ್‌ನೊಳಗೆ ಮಡಿಚಿಕೊಳ್ಳದೆ ಇಳಿಯುತ್ತದೆ. ಹೊಸ ಕಾರ್ಡುಗಳು ಸ್ಲೀವ್‌ನಲ್ಲಿದ್ದು ಹಳೆಯವು ಹಾಗೇ ಬರಿದಾಗಿದ್ದರೆ ಕಲೆಸುವಾಗ ಗೊತ್ತಾಗುತ್ತದೆ. ಹಾಗಾಗಿ ಇಡೀ ಕಟ್ಟಿಗೇ ಸ್ಲೀವ್ ಹಾಕಿ.

ಆಳು, ಕುದುರೆ, ಮನೆ ಎಂದು ಮರದ ಕಾಯಿ ಕೇಳಿದರೆ ಚನ್ನಪಟ್ಟಣದ ಅರಗಿನ ಬಣ್ಣದ ಚಿಕ್ಕ ಗೊಂಬೆಗಳು, ಮಣಿಗಳು ಸೊಗಸಾಗಿ ಹೊಂದುತ್ತವೆ. ತೂಕವಿದೆ, ನೆಟ್ಟಗೆ ನಿಲ್ಲುತ್ತವೆ, ಬಣ್ಣ ದೂರಕ್ಕೂ ಕಾಣುತ್ತದೆ.

ಸಾಹಸ ಕಥೆಯನ್ನು ಒಂದು ಸಂಜೆಗೆ ಇಳಿಸುವುದು

ಪತ್ರಿಕೆಯ ಸಾಹಸ ಕಥೆಯನ್ನು ಮೂರು ಸಲ ಓದಬೇಕು, ಮೂರೂ ಸಲ ಬೇರೆ ಬೇರೆ ಕಣ್ಣಿನಿಂದ. ಮೊದಲ ಸಲ ಯಾರಿಗೆ ಏನು ಬೇಕು ಎಂದಷ್ಟೇ: ಖಳನಿಗೆ ಏನು ಬೇಕು, ಊರಿನವರಿಗೆ ಏನು ಬೇಕು, ಆಟಗಾರರು ಯಾಕೆ ತಲೆ ಹಾಕಬೇಕು. ಇದು ಮೂರು ಸಾಲಿನಲ್ಲಿ ಬರೆಯಲು ಬಾರದಿದ್ದರೆ ಆ ಕಥೆಯನ್ನು ಬಿಟ್ಟು ಬೇರೆ ಆರಿಸಿ. ಎರಡನೇ ಸಲ ಪೆನ್ಸಿಲ್ ಹಿಡಿದು, ಕಥೆ ನಡೆಯುವ ಪ್ರತಿ ಕೋಣೆಯಲ್ಲಿ ಆಟಗಾರರಿಗೆ ಕಾಣುವುದಕ್ಕೆ ಒಂದು ಗೆರೆ, ಅಡಗಿರುವುದಕ್ಕೆ ಎರಡು ಗೆರೆ. ಮೂರನೇ ಸಲ ಮೊದಲ ದೃಶ್ಯವನ್ನು ಮಾತ್ರ, ಬಾಯಿಬಿಟ್ಟು.

ಹಳೆಯ ಕಥೆಗಳಲ್ಲಿ ಚೌಕಟ್ಟಿನೊಳಗೆ 'ಆಟಗಾರರಿಗೆ ಓದಿ ಹೇಳಿ' ಎಂದು ದೊಡ್ಡ ಪ್ಯಾರಾ ಇರುತ್ತದೆ. ಅದನ್ನು ಓದಬೇಡಿ. ಮೂರು ಸಾಲಿಗೆ ಇಳಿಸಿ, ಕನ್ನಡದಲ್ಲಿ ನಿಮ್ಮ ಮಾತಲ್ಲೇ ಹೇಳಿ: ಏನು ಕಾಣುತ್ತದೆ, ಏನು ಕೇಳಿಸುತ್ತದೆ, ಯಾವುದು ಅಲುಗುತ್ತಿದೆ. ಅಲುಗುತ್ತಿರುವುದನ್ನು ಕೊನೆಗೆ ಹೇಳಿ, ಏಕೆಂದರೆ ಆಟಗಾರರು ಉತ್ತರ ಕೊಡುವುದು ಕೊನೆಯ ಮಾತಿಗೆ. ಖಜಾನೆಯ ಪೆಟ್ಟಿಗೆಯನ್ನು ಕೊನೆಗೆ ಹೇಳಿದರೆ ಮೂಲೆಯಲ್ಲಿದ್ದ ತೋಳವನ್ನು ಎಲ್ಲರೂ ಮರೆತಿರುತ್ತಾರೆ.

ಮೂರು ಗಂಟೆಯನ್ನು ಹೀಗೆ ಹಂಚಿ: ಪಾತ್ರಗಳ ಪರಿಚಯಕ್ಕೆ 20 ನಿಮಿಷ, ಮೊದಲ ದೃಶ್ಯಕ್ಕೆ 30, ನಡುವಿನ ಅಲೆದಾಟಕ್ಕೆ 75, ಕಾಫಿಗೆ 15, ಕೊನೆಯ ಕಾಳಗಕ್ಕೆ 40. ಪಾತ್ರ ರಚಿಸುವುದನ್ನು ಮೇಜಿನ ಮೇಲೆ ಮಾಡಿದರೆ ಅದೇ ಒಂದೂವರೆ ಗಂಟೆ ನುಂಗುತ್ತದೆ. ಜನಕ್ಕಿಂತ ಎರಡು ಹೆಚ್ಚು ಪಾತ್ರ ಮೊದಲೇ ಬರೆದಿಟ್ಟು ಆರಿಸಿಕೊಳ್ಳಲು ಬಿಡಿ. ಇಪ್ಪತ್ತು ಕೋಣೆಯ ನೆಲಮಾಳಿಗೆ ಮೂರು ಗಂಟೆಗೆ ಹಿಡಿಸುವುದಿಲ್ಲ. ಆರು ಕೋಣೆ ಉಳಿಸಿ: ಒಂದು ಕಾವಲು, ಒಂದು ಒಗಟು, ಮಾತಾಡಿಸಬಹುದಾದ ಒಂದು ಜೀವ, ಒಂದು ಬಲೆ, ಎರಡನೇ ದಾರಿ ತೋರುವ ಒಂದು ಕೋಣೆ, ಕೊನೆಯದು. ಬಿಟ್ಟ ಕೋಣೆಯಲ್ಲಿ ಬೀಗದ ಕೈಯೋ ಸುಳಿವೋ ಇತ್ತೇ ಎಂದು ನೋಡಿ, ಇದ್ದರೆ ಉಳಿಸಿದ ಕೋಣೆಗೆ ಸಾಗಿಸಿ. ಕತ್ತರಿ ಹಾಕಿದ ಕಥೆ ನಡುವೆ ನಿಂತುಹೋಗುವುದು ಹೆಚ್ಚಾಗಿ ಇದೊಂದನ್ನು ಮರೆತದ್ದಕ್ಕೆ.

ಎಂಬತ್ತು, ತೊಂಬತ್ತರ ದಶಕದ ಸಂಚಿಕೆಯಾದರೆ ಅಂಕಿಗಳನ್ನು ಬದಲಿಸಬೇಕು. ಆಗಿನ ಆರ್ಮರ್ ಕ್ಲಾಸ್ (ಏಟು ತಾಗದಂತೆ ಕಾಯುವ ಕವಚದ ಅಂಕಿ) ಕಡಿಮೆಯಾದಷ್ಟೂ ಗಟ್ಟಿ, ಈಗಿನದು ಹೆಚ್ಚಾದಷ್ಟೂ ಗಟ್ಟಿ. ಆಗ ಡಂಜನ್ಸ್ ಆ್ಯಂಡ್ ಡ್ರಾಗನ್ಸ್ ಆಟಕ್ಕೆ ಅಡ್ವಾನ್ಸ್‌ಡ್, ಬೇಸಿಕ್ ಎಂದು ಎರಡು ಸಾಲಿದ್ದವು. ಅಡ್ವಾನ್ಸ್‌ಡ್ ಸಾಲಿನ ಕಥೆಯಾದರೆ 20ರಿಂದ ಹಳೆಯ ಅಂಕಿ ಕಳೆಯಿರಿ: 5 ಎಂದಿದ್ದದ್ದು 15 ಆಗುತ್ತದೆ, -1 ಎಂದಿದ್ದದ್ದು 21. ಬೇಸಿಕ್ ಸಾಲಿನದಾದರೆ 19ರಿಂದ ಕಳೆಯಬೇಕು, ಏಕೆಂದರೆ ಅಲ್ಲಿ ಕವಚವಿಲ್ಲದ ಮನುಷ್ಯನ ಅಂಕಿ 10 ಅಲ್ಲ, 9. ಆದರೆ ಈಗಿನ ಐದನೇ ಆವೃತ್ತಿಯಲ್ಲಿ ರಾಕ್ಷಸರ ಪ್ರಾಣದ ಅಂಕಗಳೂ ಏಟಿನ ಬಲವೂ ಬೇರೆಯೇ. ಹಾಗಾಗಿ ಲೆಕ್ಕ ಹಾಕುತ್ತಾ ಕೂರುವುದಕ್ಕಿಂತ ಹಳೆಯ ಕಥೆಯ ಗಾಬ್ಲಿನ್ ಬಂದಾಗ ಹೊಸ ಪುಸ್ತಕದ ಗಾಬ್ಲಿನನ್ನೇ ತಂದು ನಿಲ್ಲಿಸುವುದು ಜಾಣತನ. ಐದನೇ ಆವೃತ್ತಿಯ ಮೂಲ ನಿಯಮಗಳ ಕೈಪಿಡಿ 2023ರ ಜನವರಿಯಿಂದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಉಚಿತವಾಗಿ ಸಿಗುತ್ತದೆ, ಒಂದು ಸಂಜೆಗೆ ಅಷ್ಟು ಸಾಕು. ಹಳೆಯ ಕಥೆಗಳಲ್ಲಿ ಚಿನ್ನ ರಾಶಿರಾಶಿ ಬಿದ್ದಿರುವುದಕ್ಕೂ ಕಾರಣವಿದೆ. ಆಗ ಒಂದು ಚಿನ್ನದ ನಾಣ್ಯ ಹೊತ್ತು ತಂದರೆ ಒಂದು ಅನುಭವದ ಅಂಕ ಸಿಗುತ್ತಿತ್ತು. ಈಗಿನ ನಿಯಮದಲ್ಲಿ ಆ ರಾಶಿಯನ್ನು ಹತ್ತನೇ ಒಂದಕ್ಕೆ ಇಳಿಸಿದರೂ ಯಾರಿಗೂ ಬೇಸರವಾಗದು.

ಇಪ್ಪತ್ತು ಮುಖದ ದಾಳ ಇಲ್ಲವೆಂದು ಕೈಬಿಡಬೇಡಿ. 1ರಿಂದ 20ರವರೆಗೆ ಬರೆದ ಒಂದೇ ಅಳತೆಯ ಚೀಟಿಗಳನ್ನು ಲೋಟಕ್ಕೆ ಹಾಕಿ ಎತ್ತಿದರಾಯಿತು. 1979ರ ಸುಮಾರಿಗೆ ದಾಳಗಳ ಕೊರತೆಯಾದಾಗ ಡಂಜನ್ಸ್ ಆ್ಯಂಡ್ ಡ್ರಾಗನ್ಸ್‌ನ ಬೇಸಿಕ್ ಪೆಟ್ಟಿಗೆಯಲ್ಲೇ ಅಂಥ ರಟ್ಟಿನ ಬಿಲ್ಲೆಗಳನ್ನು ಇಟ್ಟು ಕೊಟ್ಟಿದ್ದರು. ಎತ್ತಿದ ಚೀಟಿಯನ್ನು ಪ್ರತಿ ಸಲ ವಾಪಸ್ ಹಾಕಿ ಕುಲುಕಬೇಕು, ಇಲ್ಲದಿದ್ದರೆ ಒಮ್ಮೆ ಬಂದ 20 ಮತ್ತೆ ಬರುವುದೇ ಇಲ್ಲ. ಚೌಕಾಬಾರದ ಕವಡೆಗಳನ್ನು ಮಾತ್ರ ದಾಳದ ಬದಲು ಬಳಸಬೇಡಿ. ಆರು ಮುಖದ ದಾಳದಲ್ಲಿ ಪ್ರತಿ ಅಂಕಿಗೂ ಸಮಾನ ಅವಕಾಶ. ನಾಲ್ಕು ಕವಡೆ ಎಸೆದಾಗ, ಅಂಗಾತ ಮತ್ತು ಬೋರಲು ಬೀಳುವುದು ಸಮಸಮ ಎಂದಿಟ್ಟುಕೊಂಡರೂ, ಎರಡು ಅಂಗಾತ ಬೀಳುವುದು 16ರಲ್ಲಿ 6 ಸಲ, ನಾಲ್ಕೂ ಅಂಗಾತ ಬೀಳುವುದು 16ರಲ್ಲಿ ಒಂದೇ ಸಲ. ಚೌಕಾಬಾರದಲ್ಲಿ ನಾಲ್ಕು, ಎಂಟು ಬಿದ್ದರೆ ಇನ್ನೊಂದು ಆಟ ಸಿಗುವುದು ಆ ಅಪರೂಪಕ್ಕೇ. ಬೇರೆ ಆಟಕ್ಕೆ ತಂದರೆ ಅದರ ತೂಕವೇ ತಪ್ಪುತ್ತದೆ.

ಮೇಜು, ಬೆಳಕು, ತಿಂಡಿ

ದೀಪ ನಡುವಿನಲ್ಲಿ ಮೇಲಿರಲಿ, ಆಟಗಾರರ ಹಿಂದೆ ಬೇಡ. ಹಿಂದಿದ್ದರೆ ಅವರವರ ನೆರಳೇ ಹಾಸಿನ ಮೇಲೆ ಬೀಳುತ್ತದೆ. ಮೋಂಬತ್ತಿ ಚಿತ್ರದಲ್ಲಿ ಚಂದ. ಕೆಂಪು ಕಾಯಿ, ಕಿತ್ತಳೆ ಕಾಯಿ ಅದರ ಬೆಳಕಿನಲ್ಲಿ ಒಂದೇ ಆಗುತ್ತವೆ. ಮೇಜಿನ ಮೇಲೆ ದಪ್ಪ ಜಮಖಾನವೋ ಕಂಬಳಿಯೋ ಹಾಸಿದರೆ ಕಾರ್ಡು ಎತ್ತಲು ಬೆರಳಿಗೆ ಸಿಗುತ್ತದೆ, ದಾಳದ ಸದ್ದಿಗೆ ಮಲಗಿದ ಮಗು ಏಳುವುದಿಲ್ಲ.

ಎಣ್ಣೆ ತಿಂಡಿ ಕಾರ್ಡಿನ ಶತ್ರು. ಕೋಡುಬಳೆ, ಚಕ್ಕುಲಿ, ಖಾರ ಮಂಡಕ್ಕಿ ಮುಟ್ಟಿದ ಬೆರಳಿನ ಗುರುತು ಕಾಗದದಿಂದ ಹೋಗುವುದಿಲ್ಲ, ಗುರುತಾದ ಕಾರ್ಡು ಆಮೇಲೆ ಬೆನ್ನಿನಿಂದಲೇ ಗೊತ್ತಾಗುತ್ತದೆ. ಕಡಲೆಕಾಯಿ ಪರಿಷೆಯಿಂದ ತಂದದ್ದು ಇನ್ನೂ ಉಳಿದಿದ್ದರೆ ಸಿಪ್ಪೆ ಸುಲಿದು, ಒಣಗಾಗಿ ಹುರಿದು ಬಟ್ಟಲಿಗೆ ಹಾಕಿ. ಹುರಿಗಡಲೆ, ಕಿತ್ತಳೆ ತೊಳೆ, ಒಣದ್ರಾಕ್ಷಿಯೂ ಆದೀತು. ಕರಿದದ್ದು ಬೇಕೇ ಬೇಕೆಂದರೆ ಚಮಚದಲ್ಲಿ ತಿನ್ನಲಿ. ಕಾಫಿ ಲೋಟಕ್ಕೆ ಮೇಜಿನ ಪಕ್ಕ ಒಂದು ಸ್ಟೂಲು ಇಡಿ, ಹಾಸಿನ ಮಟ್ಟಕ್ಕಿಂತ ಕೆಳಗೆ. ಅಲ್ಲಿ ಚೆಲ್ಲಿದರೂ ನಕ್ಷೆಗೆ ಹರಿಯುವುದಿಲ್ಲ.

ಲಂಡನ್, ಮ್ಯೂನಿಕ್, ಷಿಕಾಗೋದಲ್ಲಿರುವ ಕನ್ನಡಿಗರಿಗೆ ಇನ್ನೊಂದು ತೊಂದರೆ ಕಾಡುತ್ತದೆ. ಹೀಟರ್ ಹಾಕಿದ ಮನೆಯ ಗಾಳಿ ಬಹಳ ಒಣಗಿರುವುದರಿಂದ ಕಾರ್ಡುಗಳು ತೇವ ಕಳೆದುಕೊಂಡು ಬಿಲ್ಲಿನಂತೆ ಬಾಗುತ್ತವೆ. ಹೀಟರಿನ ಪಕ್ಕ ಮೇಜು ಹಾಕಬೇಡಿ. ಆಟ ಮುಗಿದ ಕೂಡಲೇ ಕಾರ್ಡುಗಳನ್ನು ರಬ್ಬರ್ ಬ್ಯಾಂಡಿನ ಬದಲು ಅಗಲವಾದ ಕಾಗದದ ಪಟ್ಟಿಯಿಂದ ಕಟ್ಟಿ ಪೆಟ್ಟಿಗೆಗೆ ಸೇರಿಸಿ. ರಬ್ಬರ್ ಬ್ಯಾಂಡ್ ಅಂಚನ್ನು ಒತ್ತಿ ಕಚ್ಚು ಮಾಡುತ್ತದೆ.

ನಿಯಮ ಹೇಳಿಕೊಡುವ ಹತ್ತು ನಿಮಿಷ

ಪತ್ರಿಕೆಯಲ್ಲಿ ಅಚ್ಚಾದ ನಿಯಮಗಳನ್ನು ಕೂತವರ ಮುಂದೆ ಓದುತ್ತಾ ಹೋದರೆ ಐದನೇ ನಿಮಿಷಕ್ಕೆ ಮೊಬೈಲುಗಳು ಹೊರಬರುತ್ತವೆ. ಗೆಲ್ಲುವುದು ಹೇಗೆ ಎಂಬುದರಿಂದ ಶುರು ಮಾಡಿ. ಆಮೇಲೆ ಆಟ ಯಾವಾಗ ಮುಗಿಯುತ್ತದೆ, ಆಮೇಲೆ ನಿಮ್ಮ ಸರದಿಯಲ್ಲಿ ಏನೇನು ಮಾಡಬಹುದು. ಅಪವಾದಗಳನ್ನು ಅವು ಎದುರಾದಾಗ ಹೇಳಿದರೆ ಸಾಕು, ಆದರೆ ಯಾರನ್ನಾದರೂ ಒಂದೇ ಏಟಿಗೆ ಆಟದಿಂದ ಹೊರಹಾಕುವ ನಿಯಮವಿದ್ದರೆ ಅದನ್ನು ಮೊದಲೇ ಹೇಳುವುದು ನ್ಯಾಯ.

ಅಜ್ಜಿ, ದೊಡ್ಡಮ್ಮ, ಮಾವ ಎಲ್ಲರನ್ನೂ ಕೂರಿಸಿಕೊಳ್ಳುವಾಗ ಅವರಿಗೆ ಗೊತ್ತಿರುವ ಆಟದ ಮಾತಿನಲ್ಲೇ ಹೇಳಿ. 'ಅಜ್ಜಿ, ಇಲ್ಲಿ ನಿಂತರೆ ಕಟ್ಟೆ ಇದ್ದ ಹಾಗೆ, ಯಾರೂ ಹೊಡೆಯುವ ಹಾಗಿಲ್ಲ. ಈ ಮೂಲೆಗೆ ಹೋದರೆ ನಿಮ್ಮ ಕಾಯಿ ಹಣ್ಣಾಯಿತು' ಎಂದರೆ ಅರ್ಧ ಪುಟದ ನಿಯಮ ಮುಗಿಯಿತು. ಬೀಜ ಹಂಚುತ್ತಾ ಹೋಗುವ ಆಟವಾದರೆ ಅಳಗುಳಿಮನೆ ಆಡಿದ ಕೈಗಳಿಗೆ ನೀವೇನೂ ಕಲಿಸಬೇಕಿಲ್ಲ. ಎಣಿಸದೆಯೇ ಕೊನೆಯ ಬೀಜ ಎಲ್ಲಿ ಬೀಳುತ್ತದೆಂದು ಅವರಿಗೆ ಗೊತ್ತಿರುತ್ತದೆ, ಸೋಲಲು ತಯಾರಾಗಿರಿ. ಮೈಸೂರು ಅರಮನೆಯಲ್ಲೇ ಮುಮ್ಮಡಿ ಕೃಷ್ಣರಾಜ ಒಡೆಯರು ಹೊಸ ಹೊಸ ಹಾಸಿನ ಆಟಗಳನ್ನು ರಚಿಸಿ, ಅವುಗಳನ್ನು ಗ್ರಂಥಕ್ಕೆ ಇಳಿಸಿದ ನಾಡು ಇದು.

ನಿಯಮದ ಬಗ್ಗೆ ತಕರಾರು ಬಂದರೆ ಎರಡು ನಿಮಿಷಕ್ಕಿಂತ ಹೆಚ್ಚು ಹುಡುಕಬೇಡಿ. ಯಾರಿಗೂ ಅನ್ಯಾಯವಾಗದ ಒಂದು ತೀರ್ಮಾನ ಮಾಡಿ, ಚೀಟಿಯಲ್ಲಿ ಬರೆದಿಟ್ಟು ಆಟ ಮುಂದುವರಿಸಿ. ಪತ್ರಿಕೆಯ ಆಟಗಳಲ್ಲಿ ಅಚ್ಚಿನ ತಪ್ಪು ಅಪರೂಪವಲ್ಲ. ತಿಂಗಳಿಗೋ ಎರಡು ತಿಂಗಳಿಗೋ ಒಂದು ಸಂಚಿಕೆ ತರುವ ಅವಸರದಲ್ಲಿ ಪೆಟ್ಟಿಗೆಯ ಆಟಕ್ಕೆ ಸಿಗುವಷ್ಟು ಪರೀಕ್ಷೆ ಇದಕ್ಕೆ ಸಿಗುವುದಿಲ್ಲ. ತಿದ್ದುಪಡಿ ಸಾಮಾನ್ಯವಾಗಿ ಮುಂದಿನ ಒಂದೆರಡು ಸಂಚಿಕೆಯಲ್ಲೋ ಪ್ರಕಾಶಕರ ಜಾಲತಾಣದಲ್ಲೋ ಬರುತ್ತದೆ. ಅತಿಥಿಗಳು ಬರುವ ಹಿಂದಿನ ದಿನವೇ ಅದನ್ನು ನೋಡಿ, ಪುಟದ ಅಂಚಿನಲ್ಲಿ ಪೆನ್ಸಿಲಿನಲ್ಲಿ ತಿದ್ದಿಕೊಳ್ಳಿ.

ಒಬ್ಬರೇ ಇರುವ ರಾತ್ರಿಗೆ

ಒಬ್ಬರೇ ಆಡುವ ಆಟ, ಚದುರಂಗದ ಸಮಸ್ಯೆಯಂಥ ಒಗಟು ಸಂಚಿಕೆಯಲ್ಲಿದ್ದರೆ ಪುಟದ ಮೇಲೆ ಬರೆಯದೆ ಪ್ರತಿ ತೆಗೆದು ಅದರ ಮೇಲೆ ಬರೆಯಿರಿ. ಯುದ್ಧದ ಆಟಗಳನ್ನು ಎರಡೂ ಕಡೆ ನೀವೇ ಆಡಬಹುದು. ಪ್ರತಿ ಸರದಿಯ ಮೊದಲು ಆ ಕಡೆಯ ಗುರಿಯನ್ನು ಒಂದು ಸಾಲಿನಲ್ಲಿ ಬರೆದಿಟ್ಟುಕೊಂಡರೆ ಒಂದು ಪಕ್ಷಕ್ಕೆ ಒಲಿಯುವುದು ಕಡಿಮೆಯಾಗುತ್ತದೆ. ಎಲೆ ಮುಚ್ಚಿ ಆಡುವ, ಎದುರಾಳಿಯ ಮನಸ್ಸು ಓದುವ ಆಟಗಳು ಮಾತ್ರ ಒಬ್ಬರಿಗೆ ಆಗಿಬರುವುದಿಲ್ಲ.

ಎತ್ತಿಡುವುದು

ಕಾಯಿಗಳನ್ನು ಬಣ್ಣದ ಪ್ರಕಾರ ಜಿಪ್ ಇರುವ ಚಿಕ್ಕ ಪ್ಲಾಸ್ಟಿಕ್ ಚೀಲಗಳಲ್ಲಿ ಹಾಕಿ, ಪ್ರತಿ ಚೀಲದ ಮೇಲೆ ಎಣಿಕೆ ಬರೆಯಿರಿ. ಮುಂದಿನ ಸಲ ಹಾಸು ಹಾಸುವ ಮೊದಲೇ ಕಳೆದದ್ದು ತಿಳಿಯುತ್ತದೆ. ಚೀಲ, ನಕ್ಷೆ, ತೀರ್ಮಾನಗಳ ಚೀಟಿ ಮೂರನ್ನೂ ಒಂದು ಎ4 ಕವರಿನಲ್ಲಿಟ್ಟು ಪತ್ರಿಕೆಯ ಜೊತೆಗೇ ಇಡಿ. ಕವರನ್ನು ಪತ್ರಿಕೆಯ ಒಳಗೆ ತುರುಕಬೇಡಿ, ಬೆನ್ನು ಸೀಳುತ್ತದೆ. ಪತ್ರಿಕೆಗಳನ್ನು ನಿಲ್ಲಿಸುವುದಾದರೆ ಸಾಲು ಬಿಗಿಯಾಗಿರಲಿ, ಸಡಿಲವಿದ್ದರೆ ಹೊಳಪಿನ ಕಾಗದ ತನ್ನ ಭಾರಕ್ಕೇ ಕುಸಿದು ಕೆಳಮೂಲೆ ಸುರುಳಿಯಾಗುತ್ತದೆ. ಮಳೆಗಾಲದ ಊರಾದರೆ ಸಿಲಿಕಾ ಜೆಲ್‌ನ ಎರಡು ಪೊಟ್ಟಣ ಹಾಕಿ, ಜೂನ್ ಬರುವ ಮುಂಚೆ ಹೊಸದು ಬದಲಿಸಿ.